ಸೋಮವಾರಕ್ಕೂ ಗುರುವಾರಕ್ಕೂ ನಡುವೆ ಮೂರು ಕೆರೆ

ಅಕ್ಕನಿಗೆ ಸೋಮವಾರ ಮತ್ತು ಗುರುವಾರ ಡಯಾಲಿಸಿಸ್. ಹಾಗಾಗಿ ನಮ್ಮ ಪ್ರವಾಸಕ್ಕೆ ಉಳಿದದ್ದು ಮಂಗಳವಾರ ಮತ್ತು ಬುಧವಾರ. ಆ ಎರಡು ದಿನದಲ್ಲಿ ಹೋಗಿ ಬರುವಷ್ಟು ದೂರವೇ ನಮಗೆ ದೂರ.

ಅವಳು ಹರಿಹರದ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಭೂಗೋಳ ಪಾಠ ಮಾಡಿದವಳು. ಉತ್ತರದ ಬೆಟ್ಟಗಳ ಸರೋವರಗಳನ್ನು ಕಪ್ಪುಹಲಗೆಯ ಮೇಲೆ ನೀಲಿ ಸೀಮೆಸುಣ್ಣದಲ್ಲಿ ಎಷ್ಟು ಸಲ ಬರೆದು ಒರೆಸಿದ್ದಳೋ ಲೆಕ್ಕವಿಲ್ಲ. ಒಂದನ್ನೂ ಕಣ್ಣಿಂದ ನೋಡಿರಲಿಲ್ಲ. ಮದುವೆಯಾಗಲಿಲ್ಲ. ಅಮ್ಮ ಹಾಸಿಗೆ ಹಿಡಿದು ಹನ್ನೊಂದು ವರ್ಷ ಮಲಗಿದ್ದಳು. ರಜೆಗಳೆಲ್ಲ ಅಲ್ಲಿಗೇ ಹೋದವು. ಅಮ್ಮ ತೀರಿಕೊಂಡ ಮೇಲೆ, ನಿವೃತ್ತಿಯೂ ಆದ ಮೇಲೆ, ನಾವಿಬ್ಬರೇ ನೈನಿತಾಲಿಗೆ ಹೋಗುವುದೆಂದು ರೈಲಿಗೆ ಟಿಕೆಟ್ ಮಾಡಿಸಿದಳು. ಇಬ್ಬರಿಗೂ ಒಂದೇ ಬಣ್ಣದ ಸ್ವೆಟರ್ ಕೊಂಡಳು. ಹೊರಡಲು ಇನ್ನೇನು ಮೂರು ವಾರ ಇದೆ ಅನ್ನುವಾಗ ಅವಳ ಕಾಲು ಊದಿಕೊಂಡವು. ಹೊಸ ಚಪ್ಪಲಿ ಕಚ್ಚಿದ್ದಿರಬೇಕು ಅಂದುಕೊಂಡಳು. ರಕ್ತ ಪರೀಕ್ಷೆ ಮಾಡಿದ ಡಾಕ್ಟರು ಎರಡೂ ಕಿಡ್ನಿ ಹೋಗಿವೆ ಅಂದರು.

ಅದಾಗಿ ಎರಡು ವರ್ಷಕ್ಕೆ, ಒಂದು ಸೋಮವಾರ, ದಾವಣಗೆರೆಯ ಆಸ್ಪತ್ರೆಯಲ್ಲಿ ಯಂತ್ರದ ಪಕ್ಕ ಮಲಗಿಕೊಂಡೇ ಅವಳು ಹೇಳಿದಳು.

“ನೈನಿತಾಲ್ ಹಾಳಾಗ್ಲಿ. ನಮ್ಮ ಕಡೆ ಕೆರೆ ಏನ್ ಕಡಿಮೆ ಅದಾವಾ? ಅವನ್ನಾದ್ರೂ ನೋಡಾನ.”

“ನೋಡಿದ್ದೇ ಅಲ್ಲೇನಕ್ಕ ಅವು?”

“ಬಸ್ಸಿನಿಂದ ನೋಡೀವಿ. ಅವನ್ನೇ ನೋಡಾಕೆ ಅಂತ ಯಾವತ್ತು ಹೋಗೀವಿ ಹೇಳು.”

ದೀಪಾವಳಿ ಮುಗಿದ ವಾರ ಹೊರಟೆವು. ನನ್ನ ಮನೆ ದಾವಣಗೆರೆಯ ಶಾಮನೂರಿನಲ್ಲಿ, ಹೊಸ ಬಡಾವಣೆಯ ಕೊನೆಯ ಸಾಲಿನಲ್ಲಿ. ಮಂಗಳವಾರ ಬೆಳಿಗ್ಗೆ ಅಲ್ಲಿಂದ ಬಸ್ಸು ಹಿಡಿದು ಹರಿಹರಕ್ಕೆ ಹೋದೆ. ಅಕ್ಕ ಆ ಸ್ವೆಟರ್ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದಳು. ಅಷ್ಟೇನೂ ಚಳಿಯಿರಲಿಲ್ಲ. ಮೋಡ ಕವಿದಿತ್ತು, ಮಳೆ ಬರುವ ಲಕ್ಷಣವೂ ಇರಲಿಲ್ಲ. ನನ್ನ ಚೀಲದಲ್ಲಿ ಉಪ್ಪು ಹಾಕದ ಚಪಾತಿ, ಅವಳ ಮಾತ್ರೆಗಳು, ಒಂದು ಸಣ್ಣ ಬಾಟಲಿ. ಅವಳಿಗೆ ದಿನಕ್ಕೆ ಮುಕ್ಕಾಲು ಲೀಟರು ನೀರು. ಸಾರು, ಮಜ್ಜಿಗೆ, ಚಹಾ ಎಲ್ಲ ಅದರೊಳಗೇ. ಬಾಟಲಿಯ ಮೇಲೆ ಸ್ಕೆಚ್ ಪೆನ್ನಿನಿಂದ ಗೆರೆ ಎಳೆದಿದ್ದೆ: ಹತ್ತು ಗಂಟೆಗೆ ಇಲ್ಲಿಯವರೆಗೆ, ಮಧ್ಯಾಹ್ನಕ್ಕೆ ಇಲ್ಲಿಯವರೆಗೆ ಎಂದು. ಬಾಟಲಿ ನನ್ನ ಹತ್ತಿರವೇ ಇರುತ್ತಿತ್ತು. ಅವಳು ಕೇಳಬೇಕು, ನಾನು ಕೊಡಬೇಕು.

ಕೊಂಡಜ್ಜಿಗೆ ಆಟೋ ಮಾಡಿದೆವು. ಆಟೋದವರು ನಮ್ಮದೇ ವಯಸ್ಸಿನವರು, ಕಿವಿಗೆ ಮಫ್ಲರ್ ಸುತ್ತಿಕೊಂಡಿದ್ದರು.

“ಅಲ್ಲೇನು ದೇವ್ರಿಗೆ ಹರಕೆ ಐತೇನ್ರಿ?” ಎಂದು ಕೇಳಿದರು.

“ಇಲ್ರಿ, ಕೆರೆ ನೋಡಾಕೆ,” ಅಂದಳು ಅಕ್ಕ.

“ಕೆರೆ ನೋಡಾಕಾ?” ಅವರು ಕನ್ನಡಿಯಲ್ಲಿ ನಮ್ಮಿಬ್ಬರನ್ನೂ ಒಮ್ಮೆ ನೋಡಿದರು. “ಕೂಡ್ರಿ ಕೂಡ್ರಿ. ನಿಧಾನಕ್ಕ ಹೊಡೀತೀನಿ.”

ಅವರು ನಿಜವಾಗಿಯೂ ನಿಧಾನಕ್ಕೇ ಹೊಡೆದರು. ಗುತ್ತೂರಿನ ಕಡೆ ಫ್ಯಾಕ್ಟರಿಗೆ ಹೋಗುವವರ ಬೈಕುಗಳೆಲ್ಲ ನಮ್ಮನ್ನು ದಾಟಿ ಹೋದವು. ಗುಂಡಿ ಬಂದಾಗ ಅಕ್ಕ ಎಡಗೈಯನ್ನು ಎದೆಗೆ ಒತ್ತಿ ಹಿಡಿಯುತ್ತಿದ್ದಳು. ಡಯಾಲಿಸಿಸ್ ಸೂಜಿ ಚುಚ್ಚುವ ಕೈ ಅದು. ಮೊಣಕೈಯ ಹತ್ತಿರ ನರ ಹಗ್ಗದಂತೆ ಉಬ್ಬಿ, ಮುಟ್ಟಿದರೆ ಒಳಗೆ ಜುಮ್ಮೆಂದು ಹರಿಯುವುದು ಬೆರಳಿಗೆ ತಿಳಿಯುತ್ತಿತ್ತು. ಆ ಕೈಗೆ ಪೆಟ್ಟಾಗಬಾರದು, ಭಾರ ಹೊರಿಸಬಾರದು. ಎರಡು ವರ್ಷದಿಂದ ಅವಳು ಆ ಕೈಯನ್ನು ಬೇರೆ ಯಾರದೋ ಮಗುವಿನ ಹಾಗೆ ಎತ್ತಿಕೊಂಡು ತಿರುಗುತ್ತಿದ್ದಳು.

ಕೊಂಡಜ್ಜಿಯ ಕೆರೆ ತುಂಬಿತ್ತು. ಸುತ್ತಲಿನ ಗುಡ್ಡಗಳು ಮೋಡದ ಬಣ್ಣಕ್ಕೇ ತಿರುಗಿದ್ದರಿಂದ ನೀರೆಲ್ಲಿ ಮುಗಿಯಿತು, ಗುಡ್ಡವೆಲ್ಲಿ ಶುರುವಾಯಿತು ಎಂದು ಗೊತ್ತಾಗುತ್ತಿರಲಿಲ್ಲ. ನಾಲ್ಕು ನೀರುಕಾಗೆಗಳು ಒಣಮರದ ಕೊಂಬೆಯ ಮೇಲೆ ರೆಕ್ಕೆ ಬಿಚ್ಚಿ ಕೂತಿದ್ದವು. ಅಕ್ಕ ಏರಿಯ ಮೇಲೆ ಇಪ್ಪತ್ತು ಹೆಜ್ಜೆ ನಡೆಯುವುದು, ನಿಲ್ಲುವುದು, ಮತ್ತೆ ಇಪ್ಪತ್ತು ಹೆಜ್ಜೆ ನಡೆಯುವುದು ಮಾಡುತ್ತಿದ್ದಳು. ನಿಂತಾಗಲೆಲ್ಲ ದಣಿವಾಗಿಲ್ಲವೆಂದು ತೋರಿಸಲು ಏನಾದರೂ ಹೇಳುತ್ತಿದ್ದಳು.

“ಸರೋವರ ಬೇರೆ, ಕೆರೆ ಬೇರೆ ಕಣೇ. ಸರೋವರ ತಾನಾಗೇ ಆಗಿರತೈತೆ. ಕೆರೆ ಯಾರೋ ಮಣ್ಣು ಹೊತ್ತು ಕಟ್ಟಿದ್ದು. ನಮ್ಮ ಮಕ್ಕಳು ಪರೀಕ್ಷೇಲಿ ಎರಡನ್ನೂ ಒಂದೇ ಅಂತ ಬರೆದು ಇಡೋರು.”

ಆಟೋದವರು ದೂರದಲ್ಲಿ ಬೀಡಿ ಹಚ್ಚಿಕೊಂಡು ನಿಂತವರು, ಅಕ್ಕ ಕೂತದ್ದನ್ನು ಕಂಡು ಆಟೋದ ಸೀಟನ್ನೇ ಕಿತ್ತು ತಂದು ಕಲ್ಲಿನ ಮೇಲೆ ಹಾಕಿಕೊಟ್ಟರು. “ಕಲ್ಲು ತಣ್ಣಗೈತೆ, ಇದರ ಮ್ಯಾಲೆ ಕೂಡ್ರಿ ಮೇಡಂ” ಅಂದರು. ನನ್ನ ಕಡೆ ತಿರುಗಿ ದನಿ ತಗ್ಗಿಸಿ, “ತಂಗಿ ಏನ್ರಿ ನೀವು? ಚೊಲೋ ನೋಡ್ಕೊಂತೀರಿ ಬಿಡ್ರಿ” ಅಂದರು. ನಾನು ಬಾಟಲಿ ತೆಗೆದು ಅಕ್ಕನಿಗೆ ಕೊಟ್ಟೆ. ಹತ್ತು ಗಂಟೆಯ ಗೆರೆಯವರೆಗೆ ಕುಡಿದು ವಾಪಸು ಕೊಟ್ಟಳು.

ಅವರು ಹಾಗೆ ಅಂದಾಗ ನನಗೆ ಏನಾಯಿತು ಎಂಬುದು ಅರ್ಥವಾಗಬೇಕಾದರೆ ಒಂದು ವಿಷಯ ಇಲ್ಲೇ ಹೇಳಬೇಕು.

ಡಯಾಲಿಸಿಸ್ ಶುರುವಾದ ಐದಾರು ತಿಂಗಳಿಗೆ ಡಾಕ್ಟರು ಕಿಡ್ನಿ ಕಸಿಯ ಮಾತೆತ್ತಿದ್ದರು. ಅಕ್ಕನಿಗೆ ಹತ್ತಿರದ ರಕ್ತಸಂಬಂಧಿ ಅಂತ ಉಳಿದಿದ್ದವಳು ನಾನೊಬ್ಬಳೇ. ಯಾರೂ ಕೇಳುವ ಮೊದಲೇ ನಾನು ಕೊಡುತ್ತೇನೆ ಅಂದೆ. ದೊಡ್ಡ ಊರಿನ ದೊಡ್ಡ ಆಸ್ಪತ್ರೆಗೆ ಹೋದೆವು, ನಾಲ್ಕು ದಿನ ಪರೀಕ್ಷೆಗಳಾದವು. ರಕ್ತದ ಗುಂಪು ಒಂದೇ ಬಂತು. ಉಳಿದದ್ದೆಲ್ಲ ಕೂಡ ಹೊಂದಿತು. ಕೊನೆಯ ದಿನ ಒಬ್ಬ ಡಾಕ್ಟರಮ್ಮ ನನ್ನೊಬ್ಬಳನ್ನೇ ಒಳಗೆ ಕರೆದು ಬಾಗಿಲು ಹಾಕಿದರು. “ಇದು ನಿಮ್ಮ ಸ್ವಂತ ಮನಸ್ಸಿನ ತೀರ್ಮಾನವಾ? ಭಯ ಇದ್ದರೆ ಈಗ ಹೇಳಿಬಿಡಿ. ದಾನಿಯಾಗಿ ಸರಿಹೋಗಲಿಲ್ಲ ಅಂತ ನಾವೇ ಹೇಳ್ತೀವಿ. ಕಾರಣ ಯಾರಿಗೂ ಹೇಳೋದಿಲ್ಲ” ಅಂದರು. ಹಿಂದೆ ಸರಿಯಲು ಒಂದು ದಾರಿಯಿದೆ ಎಂದು ಅಲ್ಲಿಯವರೆಗೆ ನನಗೆ ಗೊತ್ತೇ ಇರಲಿಲ್ಲ. ಗೊತ್ತಾದದ್ದೇ ತಡ, ಆ ದಾರಿ ಹಿಡಿದೆ.

ಗಂಡನ ಮೇಲೆ ಹಾಕೋಣವೆಂದರೆ ಅವರು ಬೇಡ ಅಂದಿರಲಿಲ್ಲ. “ನಿನ್ನ ದೇಹ, ನಿನ್ನಕ್ಕ, ನೀನೇ ಯೋಚನೆ ಮಾಡು” ಅಂದಿದ್ದರು. ಮಗಳು ಓದುತ್ತಿದ್ದಳು, ನನ್ನ ಕೆಲಸ ಕಾಲೇಜಿನ ಲೈಬ್ರರಿಯಲ್ಲಿ ಕೂತು ಮಾಡುವಂಥದ್ದು, ಆರೋಗ್ಯ ಚೆನ್ನಾಗಿತ್ತು. ನೆಪ ಹೇಳಲು ಒಂದೂ ಇರಲಿಲ್ಲ. ಹೆದರಿಕೆ ಅಷ್ಟೇ. ಆಪರೇಷನ್ ಟೇಬಲ್ ಮೇಲೆ ಮಲಗಿದವಳು ಏಳದಿದ್ದರೆ ಎಂಬ ಹೆದರಿಕೆ. ಹೊರಗೆ ಬಂದಾಗ ಅಕ್ಕ ಬೆಂಚಿನ ಮೇಲೆ ಕೂತಿದ್ದಳು. “ಹೊಂದಲಿಲ್ಲಂತಕ್ಕ” ಅಂದೆ. ಅವಳು, “ಹೋಗ್ಲಿ ಬಿಡು, ನೀನ್ಯಾಕ ಅಳ್ತೀಯ” ಅಂದು ನನ್ನ ಕಣ್ಣೊರೆಸಿದಳು. ಅಂದಿನಿಂದ ವಾರಕ್ಕೆರಡು ಸಲ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದು ನನ್ನ ಕೆಲಸವಾಯಿತು. ಒಂದು ದಿನವೂ ತಪ್ಪಿಸಲಿಲ್ಲ.

ಕೊಂಡಜ್ಜಿಯಿಂದ ಹರಿಹರಕ್ಕೆ ಬಂದು, ಊಟ ಮಾಡಿ, ಮಧ್ಯಾಹ್ನ ದಾವಣಗೆರೆಯ ಬಸ್ಸು ಹತ್ತಿ ಬಾತಿಯಲ್ಲಿ ಇಳಿದೆವು. ಅದು ಎರಡನೆಯ ಕೆರೆ. ಹೆದ್ದಾರಿಯ ಲಾರಿಗಳ ಸದ್ದು ಕಿವಿಗೆ ರಾಚುತ್ತಿತ್ತು. ದಡದಲ್ಲಿ ಇಬ್ಬರು ಟ್ರ್ಯಾಕ್ಟರ್ ತೊಳೆಯುತ್ತಿದ್ದರು. ಎಣ್ಣೆ ನೀರಿನ ಮೇಲೆ ಬಣ್ಣಬಣ್ಣವಾಗಿ ಹರಡಿ ಜೊಂಡಿನವರೆಗೆ ಹೋಗಿತ್ತು. ಅಕ್ಕ ಐದು ನಿಮಿಷ ನಿಂತು ನೋಡಿದಳು.

“ನಾವು ನಿಂತಿದ್ದು ಸಾಕಾ, ಇದೂ ಲೆಕ್ಕಕ್ಕೆ ಬಂತಾ?” ಎಂದು ಕೇಳಿದೆ.

“ಬಂತು. ನಿಮ್ಮನೆಗೆ ನಡಿ, ಕಾಲು ಭಾರ ಆಗ್ಯಾವೆ.”

ಬುಧವಾರ ಸೂಳೆಕೆರೆ. ಈಗಿನವರು ಶಾಂತಿಸಾಗರ ಅನ್ನುತ್ತಾರೆ. ಅಕ್ಕ ಕೊನೆಯವರೆಗೂ ಹಳೆಯ ಹೆಸರನ್ನೇ ಹೇಳಿದಳು. ಕಾರು ಮಾಡೋಣವೆಂದರೆ ಕೇಳಲಿಲ್ಲ. ಪ್ರವಾಸ ಅಂದರೆ ಬಸ್ಸಿನಲ್ಲಿ ಹೋಗಬೇಕು, ಕಿಟಕಿ ಪಕ್ಕ ಕೂರಬೇಕು ಎಂಬುದು ಅವಳ ಹಟ. ಪ್ರೈವೇಟ್ ಬಸ್ ಸ್ಟ್ಯಾಂಡಿನಲ್ಲಿ ಒಂದು ಬಸ್ಸು ಬಿಟ್ಟು ಇನ್ನೊಂದಕ್ಕೆ ಕಾದು ಕಿಟಕಿ ಸೀಟು ಹಿಡಿದೆವು. ಆದರೆ ಕಿಟಕಿ ಇದ್ದದ್ದು ಅವಳ ಎಡಕ್ಕೆ. ತ್ಯಾವಣಿಗೆ ಬರುವಷ್ಟರಲ್ಲಿ ಬಸ್ಸು ತುಂಬಿ, ಜನ ಮೈಮೇಲೆ ಬೀಳತೊಡಗಿದರು. ಬಸ್ಸು ಎಗರಿದಾಗಲೆಲ್ಲ ಕಿಟಕಿಯ ಕಂಬಿ ಅವಳ ಆ ಕೈಗೆ ತಾಗುತ್ತಿತ್ತು. ನಾನು ನನ್ನ ಅಂಗೈಯನ್ನು ಕಂಬಿಗೂ ಅವಳ ಮೊಣಕೈಗೂ ಮಧ್ಯೆ ಇಟ್ಟೆ. ಕೆರೆಬಿಳಚಿಯವರೆಗೂ ಹಾಗೇ ಹಿಡಿದೆ. ಇಳಿದಾಗ ನನ್ನ ಬೆರಳ ಗಿಣ್ಣುಗಳು ಕೆಂಪಾಗಿದ್ದವು. ಅವಳು ಅದನ್ನು ನೋಡಿದಳು.

ಸೂಳೆಕೆರೆಯನ್ನು ಏರಿಯ ಮೇಲಿಂದ ಮೊದಲ ಸಲ ನೋಡಿದವರಿಗೆ ಮಾತು ನಿಲ್ಲುತ್ತದೆ. ಆಚೆ ದಡ ಕಾಣುವುದಿಲ್ಲ, ಅಲ್ಲಿ ಗುಡ್ಡದ ಒಂದು ಗೆರೆ ಮಾತ್ರ. ಅವತ್ತು ಗಾಳಿಯಿತ್ತು. ಬೂದಿ ಬಣ್ಣದ ನೀರು ಸಣ್ಣ ಸಣ್ಣ ಅಲೆಯಾಗಿ ಬಂದು ಏರಿಯ ಕಲ್ಲಿಗೆ ಬಡಿಯುತ್ತಿತ್ತು. ದೂರದಲ್ಲಿ ಒಂದು ತೆಪ್ಪ, ಅದರಲ್ಲಿ ಬಲೆ ಎಳೆಯುತ್ತಿದ್ದ ಒಬ್ಬನೇ ಮನುಷ್ಯ. ಅಕ್ಕ ಕಲ್ಲಿನ ಮೇಲೆ ಕೂತು ಬಹಳ ಹೊತ್ತು ನೋಡಿದಳು. ಅವಳ ತುಟಿ ಒಣಗಿ ಬಿರಿದಿದ್ದವು. ಅಷ್ಟು ನೀರಿನ ಎದುರಿಗೆ ನನ್ನ ಚೀಲದಲ್ಲಿದ್ದ ಆ ಬಾಟಲಿ ತೆಗೆಯಲು ನನಗೇ ನಾಚಿಕೆಯಾಯಿತು.

ರಸ್ತೆಯ ಆ ಬದಿಗೆ ಒಬ್ಬ ಹೆಂಗಸು ಮರದ ಕೆಳಗೆ ಎಳನೀರು ಗುಡ್ಡೆ ಹಾಕಿಕೊಂಡು ಕೂತಿದ್ದಳು. ಅಕ್ಕ ಎದ್ದು ಅವಳ ಹತ್ತಿರ ಹೋದಳು. ನಾನು ಹಿಂದೆಯೇ ಓಡಿದೆ.

“ಒಂದು ಕೆತ್ತಮ್ಮ, ತೆಳು ಗಂಜಿ ಇರೋದು.”

“ಅಕ್ಕ, ಬ್ಯಾಡ. ಎಳನೀರು ಮುಟ್ಟಲೇಬಾರದು ಅಂತ ಡಾಕ್ಟ್ರು ಹೇಳಿಲ್ಲೇನು? ಎದೆ ನಿಂತುಹೋಗತೈತೆ ಅಂದಿದ್ದು ಮರ್ತೆಯಾ?”

“ಅರ್ಧ ಕುಡೀತೀನಿ.”

“ಒಂದು ಗುಟುಕೂ ಬ್ಯಾಡ.” ನಾನು ಆ ಹೆಂಗಸಿಗೆ ಹೇಳಿದೆ: “ಕೆತ್ತಬ್ಯಾಡಮ್ಮ, ಅವರಿಗೆ ಆರಾಮಿಲ್ಲ.”

ಮಚ್ಚು ಎತ್ತಿದ್ದವಳು ಹಾಗೇ ತಡೆದು ನಮ್ಮಿಬ್ಬರ ಮುಖ ನೋಡಿದಳು. ಅಕ್ಕ ತಿರುಗಿ ಏರಿಯ ಕಡೆ ನಡೆದಳು. ನಾನು ಪಕ್ಕಕ್ಕೆ ಬಂದಾಗ, ನಿಲ್ಲದೆ, ನನ್ನ ಕಡೆ ನೋಡದೆ ಅಂದಳು: “ಕೊಡೋದಂತೂ ನಿನ್ನ ಕೈಲಿ ಆಗಲಿಲ್ಲ. ಕುಡಿಯೋದಕ್ಕಾದ್ರೂ ಬಿಡು.”

ನನ್ನ ಕಾಲು ಅಲ್ಲೇ ನಿಂತವು.

“ಏನಂದೆ?”

“ಕೇಳಿಸ್ತಲ್ಲ.”

“ಅಕ್ಕ, ಹೊಂದಲಿಲ್ಲ ಅಂತ ಅವರೇ...”

“ಸುಮ್ನಿರು.” ಅವಳು ಮತ್ತೆ ಕಲ್ಲಿನ ಮೇಲೆ ಕೂತಳು, ಉಸಿರು ಹತ್ತಿತ್ತು. “ಆಸ್ಪತ್ರೆಯಿಂದ ಬಂದ ದಿನ ನಿನ್ನ ರಿಪೋರ್ಟಿನ ಚೀಲ ನಮ್ಮನೇಲೇ ಬಿಟ್ಟು ಹೋಗಿದ್ದೆ. ಮಾರನೇ ದಿನ ತಗಂಡು ಹೋದೆ. ಅಷ್ಟರಲ್ಲಿ ಒಂದು ರಾತ್ರಿ ಇತ್ತು. ಮೂವತ್ತು ವರ್ಷ ಪೇಪರ್ ತಿದ್ದಿದೋಳು ನಾನು. ಎದುರಿಗಿದ್ದ ಕಾಗದ ಓದದೆ ಬಿಡ್ತೀನಾ? ಎಲ್ಲಾ ಹೊಂದೈತೆ ಅಂತ ಬರೆದಿತ್ತು.”

ನನಗೆ ಕೂರಬೇಕು ಅನ್ನಿಸಿತು, ಅವಳ ಪಕ್ಕ ಕೂರಲು ಧೈರ್ಯವಾಗಲಿಲ್ಲ. ನಿಂತೇ ಇದ್ದೆ. ಒಂದೂವರೆ ವರ್ಷ. ಅಷ್ಟೂ ದಿನ ನಾನು ಅವಳ ಕಣ್ಣೆದುರು ಓಡಾಡಿದ್ದೆ, ಅವಳ ತಟ್ಟೆಗೆ ಅನ್ನ ಬಡಿಸಿದ್ದೆ, ನಕ್ಕಿದ್ದೆ.

“ಯಾಕ ಕೇಳಲಿಲ್ಲ ನನ್ನ?”

“ಕೇಳಿದ್ರೆ ನಾಚಿಕೆಗೆ ಬರೋದು ಬಿಟ್ಟುಬಿಡ್ತಿದ್ದಿ. ಆಮೇಲೆ ಸೋಮವಾರ ನನ್ನ ಯಾರು ಕರ್ಕೊಂಡು ಹೋಗೋರು?”

ಅದನ್ನು ಅವಳು ಸಿಟ್ಟಿನಿಂದ ಹೇಳಲಿಲ್ಲ. ಬಸ್ಸಿನ ಹೊತ್ತು ಹೇಳುವ ಹಾಗೆ ಹೇಳಿದಳು. ಅದಕ್ಕೇ ನನಗೆ ತಡೆಯಲಾಗಲಿಲ್ಲ. ಅತ್ತುಬಿಟ್ಟೆ. ಈ ಸಲ ಅವಳು ಕಣ್ಣೊರೆಸಲಿಲ್ಲ. ತೆಪ್ಪದವನು ಬಲೆ ಪೂರ್ತಿ ಎಳೆದುಕೊಂಡು ದಡದ ಕಡೆ ತಿರುಗಿದ್ದ. ಅವನು ದಡ ಮುಟ್ಟುವವರೆಗೂ ಅವಳು ಅವನನ್ನೇ ನೋಡುತ್ತಿದ್ದಳು. ಆಮೇಲೆ, “ಮಾತ್ರೆ ಹೊತ್ತಾತು, ತೆಗಿ” ಅಂದಳು. ಮಾತ್ರೆ ಕೊಟ್ಟೆ, ಬಾಟಲಿ ಕೊಟ್ಟೆ. ಅವಳು ಮಧ್ಯಾಹ್ನದ ಗೆರೆಯನ್ನೂ ದಾಟಿ ಕುಡಿದಳು. ನಾನು ಮುಚ್ಚಳ ಹಾಕಿ ಬಾಟಲಿಯನ್ನು ಚೀಲದಲ್ಲಿಟ್ಟೆ.

ಸಂತೇಬೆನ್ನೂರಿನ ಹೊಂಡವನ್ನೂ ನೋಡಿಕೊಂಡು ಬರುವುದೆಂದು ಮಾತಾಗಿತ್ತು. ಅಲ್ಲಿಗೆ ಹೋಗಲಿಲ್ಲ. ಸಿಕ್ಕಿದ ಬಸ್ಸು ಹತ್ತಿ ದಾವಣಗೆರೆಗೆ ಬಂದೆವು. ದಾರಿಯಲ್ಲಿ ಅವಳು ಒಂದೇ ಮಾತು ಕೇಳಿದಳು, ನನ್ನ ಮಗಳ ಪರೀಕ್ಷೆ ಯಾವಾಗ ಎಂದು. ಹೇಳಿದೆ. ಮಾರನೆಯ ದಿನ ಗುರುವಾರ. ಬೆಳಿಗ್ಗೆ ಏಳಕ್ಕೆ ಎಂದಿನಂತೆ ಆಸ್ಪತ್ರೆಗೆ ಕರೆದುಕೊಂಡು ಹೋದೆ. ತೂಕ ಹೆಚ್ಚಾಗಿತ್ತು. ನೀರು ಜಾಸ್ತಿ ಕುಡಿಸಿದ್ದೀರಿ ಎಂದು ನರ್ಸು ನನ್ನನ್ನು ಬೈದರು. ಅಕ್ಕ ಕಣ್ಣು ಮುಚ್ಚಿಕೊಂಡಿದ್ದಳು.

ಅವಳಿಗೆ ಸೂಜಿ ಚುಚ್ಚಿ ಯಂತ್ರ ಶುರು ಮಾಡಿದ ಮೇಲೆ ನಾನು ಡಾಕ್ಟರ ಕೋಣೆಗೆ ಹೋದೆ. ಇದ್ದದ್ದನ್ನೆಲ್ಲ ಹೇಳಿದೆ. ಈಗ ಕೊಡುತ್ತೇನೆ, ಈ ಸಲ ಹಿಂದೆ ಸರಿಯುವುದಿಲ್ಲ, ಎಲ್ಲಿ ಸಹಿ ಹಾಕಲಿ ಅಂದೆ. ಅವರು ನನ್ನನ್ನು ಬೈಯಲೂ ಇಲ್ಲ, ಸಮಾಧಾನ ಮಾಡಲೂ ಇಲ್ಲ. ಮೊದಲು ಅವರ ಹೃದಯ ನೋಡಬೇಕು ಅಂದರು. ಮುಂದಿನ ವಾರ ನೋಡಿದರು. ಎರಡು ವರ್ಷದಲ್ಲಿ ಅಕ್ಕನ ಎದೆ ಸೋತುಹೋಗಿತ್ತು. ಅಷ್ಟು ದೊಡ್ಡ ಆಪರೇಷನ್ನು ಈಗ ತಡೆಯುವುದಿಲ್ಲ, ಒಂದೂವರೆ ವರ್ಷದ ಹಿಂದಾಗಿದ್ದರೆ ಮಾತು ಬೇರೆ ಅಂದರು. ಬೇರೆ ಡಾಕ್ಟರನ್ನೂ ಕೇಳಿದೆ. ಅವರೂ ಅದನ್ನೇ ಅಂದರು.

ಈ ಓಡಾಟ ಅಕ್ಕನಿಗೆ ತಿಳಿಯದೆ ಇರುತ್ತದೆಯೇ? ಅದರ ಮುಂದಿನ ಸೋಮವಾರ ಹರಿಹರಕ್ಕೆ ಹಿಂದಿರುಗುವಾಗ ಆಟೋದಲ್ಲಿ ಕೇಳಿದಳು.

“ಯಾರು ಹೇಳಿದ್ರು ನಿಂಗೆ ಹೋಗಿ ಕೇಳು ಅಂತ?”

“ಯಾರೂ ಇಲ್ಲ. ನಂಗೇ ಕೊಡಬೇಕು ಅನ್ನಿಸ್ತು.”

“ನಂಗೆ ಬೇಕಾಗಿದ್ದಾಗ ಕೊಡಲಿಲ್ಲ. ಈಗ ನಿಂಗೆ ಬೇಕಾತು ಅಂತ ಕೊಡಾಕೆ ಬಂದೀಯ.”

ಮನೆ ಬಂತು. ಅವಳು ಇಳಿಯುವಾಗ ಕೈ ಕೊಟ್ಟೆ, ಹಿಡಿದುಕೊಂಡು ಇಳಿದಳು. ಒಳಗೆ ಹೋಗಿ ಚಹಾಕ್ಕೆ ಇಟ್ಟೆ. ಅರ್ಧ ಲೋಟ ಅವಳಿಗೆ, ಅರ್ಧ ನನಗೆ. ಅವಳು ಟಿವಿ ಹಾಕಿದಳು.

ಆಮೇಲೆ ಅವಳು ಹದಿನಾಲ್ಕು ತಿಂಗಳು ಬದುಕಿದ್ದಳು. ಆ ವಿಷಯ ನಾವಿಬ್ಬರೂ ಮತ್ತೆ ಎತ್ತಲಿಲ್ಲ. ಮಿಕ್ಕ ಎಲ್ಲವನ್ನೂ ಮಾತಾಡಿದೆವು: ಪಕ್ಕದ ಮನೆಯವರ ನಾಯಿ, ಹೊಳೆಗೆ ಬಂದ ನೀರು, ನನ್ನ ಮಗಳಿಗೆ ಬಂದ ಅಂಕ, ಸತ್ತುಹೋದ ಅಮ್ಮನ ಬೈಗುಳಗಳು. ಕೆಲವು ದಿನ ನಗುತ್ತಿದ್ದೆವು ಕೂಡ. ಅವಳು ಕ್ಷಮಿಸಿದಳು ಎಂದು ಬರೆದರೆ ಸುಳ್ಳಾಗುತ್ತದೆ. ಕ್ಷಮಿಸಲಿಲ್ಲ ಎಂದರೂ ಪೂರ್ತಿ ನಿಜವಲ್ಲ. ಅವಳಿಗೆ ನಾನು ಬೇಕಾಗಿದ್ದೆ, ನನಗೂ ಅವಳು ಬೇಕಾಗಿದ್ದಳು. ಅದಕ್ಕಿಂತ ಮುಂದಕ್ಕೆ ಹೋಗಲು ಇಬ್ಬರಿಗೂ ಶಕ್ತಿಯಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ ಬಂದು, ತಲೆ ಒರೆಸಿಕೊಳ್ಳುತ್ತಾ ಕುರ್ಚಿಯಲ್ಲಿ ಕೂತವಳು ಹಾಗೇ ಹೋಗಿಬಿಟ್ಟಳು. ಪಕ್ಕದ ಮನೆಯವರು ಫೋನು ಮಾಡಿದರು. ನಾನು ಹೋಗುವಷ್ಟರಲ್ಲಿ ಅವಳ ಕೈಯಲ್ಲಿ ಹರಿಯುತ್ತಿದ್ದ ಆ ಜುಮ್ಮೆನ್ನುವುದು ನಿಂತಿತ್ತು.

ಹನ್ನೊಂದನೆಯ ದಿನಕ್ಕೆ ಅವಳ ಶಾಲೆಯವರು ಬಹಳ ಜನ ಬಂದಿದ್ದರು. ಜೊತೆಗೆ ಕೆಲಸ ಮಾಡಿದವರು, ಹಳೆಯ ವಿದ್ಯಾರ್ಥಿನಿಯರು. ಊಟಕ್ಕೆ ಮೊದಲು ಅವಳ ಬಗ್ಗೆ ಒಬ್ಬೊಬ್ಬರೂ ಎರಡು ಮಾತಾಡಿದರು. ಕೊನೆಗೆ ಹೆಡ್ ಮೇಷ್ಟ್ರಾಗಿದ್ದವರು ಎದ್ದು ನಿಂತು ನನ್ನ ಕಡೆ ಕೈ ತೋರಿಸಿದರು.

“ಎರಡೂವರೆ ವರ್ಷದ ಮೇಲಾತು, ಒಂದು ದಿನ ತಪ್ಪಿಸಲಿಲ್ಲ ಈಕಿ. ಒಡಹುಟ್ಟಿದೋರು ಅಂದ್ರೆ ಹಿಂಗಿರಬೇಕ್ ನೋಡ್ರಿ.”

ಎಲ್ಲರೂ ನನ್ನ ಕಡೆ ತಿರುಗಿದರು. ಕೆಲವರು ಕಣ್ಣೊರೆಸಿಕೊಂಡರು. ನನ್ನ ಗಂಡ ನೆಲ ನೋಡುತ್ತಿದ್ದರು. ಹೇಳಿಬಿಡಬೇಕು ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅಡುಗೆಯವರು ಬಾಗಿಲಿಗೆ ಬಂದು ಎಲೆ ಹಾಕಬಹುದಾ ಎಂದು ಕೇಳಿದರು. ಹಾಕ್ರಿ ಅಂದೆ.